ಅಮೆರಿಕದ ಟ್ರಾಮು, ಬಸ್ಸುಗಳು ಸೊರಗಿದ್ದೇಕೆ?

1949ರ ಮಾರ್ಚ್‌ನಲ್ಲಿ ಷಿಕಾಗೊದ ಫೆಡರಲ್ ನ್ಯಾಯಾಲಯದಲ್ಲಿ ಒಂದು ಮೊಕದ್ದಮೆ ತೀರ್ಮಾನವಾಯಿತು. ಕಟಕಟೆಯಲ್ಲಿ ಜನರಲ್ ಮೋಟರ್ಸ್, ಫೈರ್‌ಸ್ಟೋನ್ ಟೈರ್, ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾ, ಫಿಲಿಪ್ಸ್ ಪೆಟ್ರೋಲಿಯಂ ಮತ್ತು ಮ್ಯಾಕ್ ಟ್ರಕ್ ಕಂಪನಿಗಳಿದ್ದವು. ಇವರೆಲ್ಲರ ಹಣದಿಂದ ಊರೂರಿನ ಟ್ರಾಮ್ ಕಂಪನಿಗಳನ್ನು ಕೊಳ್ಳುತ್ತಿದ್ದ ನ್ಯಾಷನಲ್ ಸಿಟಿ ಲೈನ್ಸ್ ಕೂಡ ಇತ್ತು. ಆರೋಪ ಸಾಬೀತಾಯಿತು. ಕಂಪನಿಗಳಿಗೆ ತಲಾ 5,000 ಡಾಲರ್ ದಂಡ ಬಿತ್ತು. ಜನರಲ್ ಮೋಟರ್ಸ್‌ನ ಖಜಾಂಚಿಗೆ ಬಿದ್ದ ದಂಡ 1 ಡಾಲರ್.

ಈ ಒಂದು ಡಾಲರಿನ ಸುತ್ತ ಅಮೆರಿಕದಲ್ಲಿ ಒಂದು ದಂತಕಥೆಯೇ ಬೆಳೆದಿದೆ. ಕಾರಿನವರು, ಟೈರಿನವರು, ಪೆಟ್ರೋಲಿನವರು ಒಟ್ಟು ಸೇರಿ ಚೆನ್ನಾಗಿ ಓಡುತ್ತಿದ್ದ ಟ್ರಾಮುಗಳನ್ನು ಕೊಂಡು, ಹಳಿ ಕಿತ್ತು, ಜನರನ್ನು ಕಾರಿಗೆ ದೂಡಿದರು ಎಂಬ ಕಥೆ ಅದು. ಕಥೆಯಲ್ಲಿ ಖಳನಾಯಕನಿದ್ದಾನೆ, ಸಾಕ್ಷಿಯಿದೆ, ತೀರ್ಪೂ ಇದೆ. ಆದರೆ ಇತಿಹಾಸಕಾರರಲ್ಲಿ ಬಹುಪಾಲು ಜನ ಇದನ್ನು ಒಪ್ಪುವುದಿಲ್ಲ. ಒಪ್ಪದವರು ತಮ್ಮತಮ್ಮೊಳಗೂ ಒಪ್ಪುವುದಿಲ್ಲ.

ಆದದ್ದೇನು ಎಂಬುದರಲ್ಲಿ ಮಾತ್ರ ಜಗಳವಿಲ್ಲ. 1946ರಲ್ಲಿ ಅಮೆರಿಕದ ಜನ ಟ್ರಾಮು, ಬಸ್ಸು, ನಗರ ರೈಲುಗಳಲ್ಲಿ ಸುಮಾರು 2,300 ಕೋಟಿ ಸಲ ಪ್ರಯಾಣ ಮಾಡಿದರು. 1972ಕ್ಕೆ ಅದು ಸುಮಾರು 660 ಕೋಟಿಗೆ ಇಳಿದಿತ್ತು. ಇದೇ ಅವಧಿಯಲ್ಲಿ ಜನಸಂಖ್ಯೆ 14 ಕೋಟಿಯಿಂದ 21 ಕೋಟಿಗೆ ಏರಿತ್ತು. ಇಷ್ಟು ದೊಡ್ಡ ಕುಸಿತಕ್ಕೆ ಒಂದೇ ಕಾರಣ ಹುಡುಕುವುದು ಕಷ್ಟ. ಟ್ರಾಮು ಏಕೆ ಹೋಯಿತು ಎಂಬುದು ಒಂದು ಪ್ರಶ್ನೆ, ಅದರ ಜಾಗದಲ್ಲಿ ಒಳ್ಳೆಯ ಬಸ್ಸು ಏಕೆ ನಿಲ್ಲಲಿಲ್ಲ ಎಂಬುದು ಇನ್ನೊಂದು. ವಾದಿಸುವವರು ಬಹಳ ಸಲ ಎರಡನ್ನೂ ಕಲಸಿಬಿಡುತ್ತಾರೆ.

ಐದು ಸೆಂಟಿನ ಕರಾರು

1888ರಲ್ಲಿ ಫ್ರಾಂಕ್ ಸ್ಪ್ರೇಗ್ ಎಂಬ ಎಂಜಿನಿಯರ್ ವರ್ಜೀನಿಯಾದ ರಿಚ್ಮಂಡ್ ನಗರದಲ್ಲಿ ವಿದ್ಯುತ್ ಟ್ರಾಮುಗಳನ್ನು ಓಡಿಸಿ ತೋರಿಸಿದ. ಅದಕ್ಕೆ ಮುಂಚೆ ಹಳಿಯ ಮೇಲಿನ ಗಾಡಿಗಳನ್ನು ಕುದುರೆಗಳು ಎಳೆಯುತ್ತಿದ್ದವು. ಮುಂದಿನ ಹದಿನೈದು ವರ್ಷದಲ್ಲಿ ಕುದುರೆ ಬಹುತೇಕ ಕಣ್ಮರೆಯಾಯಿತು. ಹಳಿ ನಗರದ ಅಂಚಿನ ಹೊಲಗದ್ದೆಗಳವರೆಗೂ ಹಬ್ಬಿತು.

ಹೊಲಗದ್ದೆಗೆ ಯಾಕೆ ಟ್ರಾಮು? ಲಾಭವಿದ್ದದ್ದು ಟಿಕೆಟ್ಟಿನಲ್ಲಲ್ಲ, ಜಮೀನಿನಲ್ಲಿ. ಲಾಸ್ ಏಂಜಲೀಸ್‌ನಲ್ಲಿ ಹೆನ್ರಿ ಹಂಟಿಂಗ್ಟನ್ 1901ರಲ್ಲಿ ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿ ಕಟ್ಟಿದ. ಅದರ ಕೆಂಪು ಗಾಡಿಗಳ ಜಾಲ ಮುಂದೆ ಸಾವಿರ ಮೈಲಿ ಹಳಿಯನ್ನು ದಾಟಿತು. ಹಳಿ ಹೋಗುವ ದಿಕ್ಕಿನಲ್ಲಿ ಮೊದಲೇ ಜಮೀನು ಕೊಂಡು, ಲೇಔಟ್ ಮಾಡಿ ಸೈಟು ಮಾರುವುದೇ ಅವನ ನಿಜವಾದ ವ್ಯಾಪಾರ. ಸೈಟುಗಳೆಲ್ಲ ಮಾರಾಟವಾದ ಮೇಲೆ ಉಳಿದದ್ದು ನಷ್ಟದ ಟ್ರಾಮು. ಇಂದು ಕಾರಿನ ನಗರ ಎಂದು ಹೆಸರಾದ ಲಾಸ್ ಏಂಜಲೀಸ್ ಹರಡಿಕೊಂಡದ್ದು ಮೊದಲು ಟ್ರಾಮಿನಿಂದ ಎಂಬುದನ್ನು ಆ ನಗರದ ಟೀಕಾಕಾರರು ಮರೆಯುತ್ತಾರೆ.

ನಗರಸಭೆಗಳು ಟ್ರಾಮ್ ಕಂಪನಿಗೆ ರಸ್ತೆ ಬಳಸಲು ಪರವಾನಗಿ ಕೊಡುವಾಗ ಕರಾರು ಬರೆಸಿಕೊಳ್ಳುತ್ತಿದ್ದವು. ಟಿಕೆಟ್ ದರ ಐದು ಸೆಂಟ್ ಮೀರಬಾರದು. ಹಳಿಗಳ ನಡುವಿನ ಮತ್ತು ಅಕ್ಕಪಕ್ಕದ ರಸ್ತೆಗೆ ಕಲ್ಲು ಹಾಸಿ ರಿಪೇರಿ ಮಾಡುವುದು ಕಂಪನಿಯ ಹೊಣೆ. ಹಿಮ ಬಿದ್ದರೆ ಎತ್ತುವುದೂ ಅವರದೇ. 1890ರಲ್ಲಿ ಇದು ಭಾರವಾಗಿರಲಿಲ್ಲ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬೆಲೆ, ಕೂಲಿ ಎಲ್ಲವೂ ಹೆಚ್ಚುಕಡಿಮೆ ದುಪ್ಪಟ್ಟಾದವು, ಐದು ಸೆಂಟ್ ಮಾತ್ರ ಐದು ಸೆಂಟಾಗಿಯೇ ಉಳಿಯಿತು. ದರ ಏರಿಸುತ್ತೇವೆ ಎಂದರೆ ಯಾವ ಮೇಯರ್ ಚುನಾವಣೆ ಗೆಲ್ಲುತ್ತಾನೆ? ನ್ಯೂಯಾರ್ಕ್‌ನ ಸಬ್‌ವೇ ಟಿಕೆಟ್ 1904ರಿಂದ 1948ರವರೆಗೆ ಐದೇ ಸೆಂಟ್ ಇತ್ತು ಎಂದರೆ ಈ ರಾಜಕೀಯದ ಹಟ ಅರ್ಥವಾಗುತ್ತದೆ. 1919ರ ವೇಳೆಗೆ ದೇಶದ ಟ್ರಾಮ್ ಕಂಪನಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ದಿವಾಳಿಯಾಗಿದ್ದವು. ಅಧ್ಯಕ್ಷ ವಿಲ್ಸನ್ ಇದಕ್ಕಾಗಿಯೇ ಒಂದು ಆಯೋಗ ನೇಮಿಸಬೇಕಾಯಿತು.

ಅದೇ ರಸ್ತೆಯಲ್ಲಿ, ಅದೇ ಟ್ರಾಮ್ ಕಂಪನಿ ಖರ್ಚು ಮಾಡಿ ಹಾಸಿದ ಕಲ್ಲಿನ ಮೇಲೆ, ಫೋರ್ಡ್‌ನ ಟಿ ಮಾದರಿಯ ಕಾರು ಓಡತೊಡಗಿತು. 1908ರಲ್ಲಿ ಅದರ ಬೆಲೆ 850 ಡಾಲರ್, 1920ರ ದಶಕದ ನಡುವೆ 300ಕ್ಕೂ ಕಡಿಮೆ. ಕಾರು ಕೊಂಡ ಕೆಲವರು 1914–15ರಲ್ಲಿ ಟ್ರಾಮಿನ ಮುಂದೆಯೇ ಓಡಿ, ಸ್ಟಾಪಿನಲ್ಲಿ ಕಾದವರನ್ನು ಐದು ಸೆಂಟಿಗೆ ಹತ್ತಿಸಿಕೊಂಡು ಹೋಗುತ್ತಿದ್ದರು. ಜಿಟ್ನಿ ಎಂಬ ಈ ಗಾಡಿಗಳು ನಮ್ಮ ಷೇರ್ ಆಟೊ, ಟೆಂಪೊಗಳಿಗೆ ಅಣ್ಣಂದಿರು. ನಗರಸಭೆಗಳು ನಿಯಮದ ಮೇಲೆ ನಿಯಮ ಹೇರಿ ಅವನ್ನು ಬೇಗ ಅಡಗಿಸಿದವು. ಸ್ವಂತ ಕಾರುಗಳನ್ನು ಹಾಗೆ ಅಡಗಿಸಲು ಆಗಲಿಲ್ಲ.

ಮಾಡಿದ ಒಂದು ಪ್ರಯತ್ನದ ಗತಿ ನೋಡಿ. ನಿಲ್ಲಿಸಿದ ಕಾರುಗಳಿಂದ ಟ್ರಾಮುಗಳಿಗೆ ದಾರಿಯೇ ಇಲ್ಲವಾಗಿದೆ ಎಂದು ಲಾಸ್ ಏಂಜಲೀಸ್ ನಗರಸಭೆ 1920ರ ಏಪ್ರಿಲ್‌ನಲ್ಲಿ ಪೇಟೆಯ ನಡುವೆ ಹಗಲು ಪಾರ್ಕಿಂಗ್ ನಿಷೇಧಿಸಿತು. ಟ್ರಾಮುಗಳು ವೇಳೆಗೆ ಸರಿಯಾಗಿ ಓಡಿದವು. ಅಂಗಡಿಯವರು ವ್ಯಾಪಾರ ಬಿತ್ತು ಎಂದು ಕೂಗೆಬ್ಬಿಸಿದರು. ಸಿನಿಮಾ ತಾರೆ ಕ್ಲಾರಾ ಕಿಂಬಲ್ ಯಂಗ್ ಮುಂದೆ ನಿಂತು ಕಾರುಗಳ ಮೆರವಣಿಗೆ ನಡೆಸಿದಳು. ಮೂರು ವಾರ ತುಂಬುವ ಮೊದಲೇ ನಿಷೇಧ ಸಡಿಲವಾಯಿತು.

ಪಿತೂರಿಯೇ ಕಾರಣ ಎನ್ನುವವರು

ಪಿತೂರಿಯ ವಾದಕ್ಕೆ ಈಗಿನ ರೂಪ ಕೊಟ್ಟವರು ಬ್ರಾಡ್‌ಫರ್ಡ್ ಸ್ನೆಲ್. 1974ರಲ್ಲಿ ಸೆನೆಟ್ಟಿನ ಉಪಸಮಿತಿಗೆ ಅವರು ಸಲ್ಲಿಸಿದ ವರದಿ, ಜನರಲ್ ಮೋಟರ್ಸ್ ಅಮೆರಿಕದ ವಿದ್ಯುತ್ ಸಾರಿಗೆಯನ್ನು ಬೇಕೆಂದೇ ನಾಶ ಮಾಡಿತು ಎಂದಿತು. ಅರಬ್ ದೇಶಗಳು ತೈಲ ನಿಲ್ಲಿಸಿ ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದದ ಸಾಲು ನಿಂತಿದ್ದ ಕಾಲ ಅದು. ಮಾತು ಜನಕ್ಕೆ ನಾಟಿತು. 1988ರಲ್ಲಿ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಎಂಬ ಹಾಲಿವುಡ್ ಚಿತ್ರ ಇದೇ ಕಥೆಯನ್ನು ಮಕ್ಕಳವರೆಗೂ ಮುಟ್ಟಿಸಿತು.

ಈ ವಾದದಲ್ಲಿ ಹುರುಳಿಲ್ಲ ಎಂದಲ್ಲ. 1936ರಲ್ಲಿ ರೂಪ ಪಡೆದ ನ್ಯಾಷನಲ್ ಸಿಟಿ ಲೈನ್ಸ್ ಹತ್ತಾರು ನಗರಗಳ ಸಾರಿಗೆಯನ್ನು ಕೈವಶ ಮಾಡಿಕೊಂಡದ್ದು ನಿಜ. ಬಂಡವಾಳ ಹಾಕಿದವರ ಬಸ್ಸು, ಟೈರು, ಇಂಧನವನ್ನೇ ಕೊಳ್ಳಬೇಕೆಂಬ ಒಪ್ಪಂದ ಇದ್ದದ್ದೂ ನಿಜ. ಆದರೆ ತೀರ್ಪನ್ನು ಗಮನವಿಟ್ಟು ನೋಡಬೇಕು. ನ್ಯಾಯಾಲಯ ಅಪರಾಧ ಎಂದದ್ದು ಬಸ್ಸು ಮತ್ತು ಸಾಮಗ್ರಿಯ ಮಾರಾಟದಲ್ಲಿ ಏಕಸ್ವಾಮ್ಯಕ್ಕೆ ಸಂಚು ಹೂಡಿದ್ದನ್ನು. ನಗರ ಸಾರಿಗೆಯನ್ನೇ ಹಿಡಿತಕ್ಕೆ ತೆಗೆದುಕೊಳ್ಳುವ ಸಂಚು ಎಂಬ ಇನ್ನೊಂದು ಆರೋಪದಿಂದ ಅವರನ್ನು ಖುಲಾಸೆ ಮಾಡಿತು. ಎಂದರೆ ಶಿಕ್ಷೆಯಾದದ್ದು ಟ್ರಾಮಿನ ಕೊಲೆಗಲ್ಲ.

ಕಾಲವೂ ಹೊಂದುವುದಿಲ್ಲ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ 1933ರಲ್ಲೇ ತನ್ನ ಎಲ್ಲ ಟ್ರಾಮುಗಳನ್ನೂ ನಿಲ್ಲಿಸಿತ್ತು. ಸ್ನೆಲ್ ಕಥೆಯ ಮುಖ್ಯ ಬಲಿಪಶುವಾದ ಪೆಸಿಫಿಕ್ ಎಲೆಕ್ಟ್ರಿಕ್ ಎಂದೂ ನ್ಯಾಷನಲ್ ಸಿಟಿ ಲೈನ್ಸ್‌ನ ಕೈಯಲ್ಲಿರಲಿಲ್ಲ. ಅದರ ಒಡೆತನ ಸದರ್ನ್ ಪೆಸಿಫಿಕ್ ರೈಲ್ವೆಯದು, ಅವರೇ ಒಂದೊಂದಾಗಿ ಮಾರ್ಗಗಳನ್ನು ಮುಚ್ಚುತ್ತ ಬಂದರು. ಮತ್ತೆ, 1935ರ ಒಂದು ಕಾನೂನು ವಿದ್ಯುತ್ ಕಂಪನಿಗಳು ತಮ್ಮ ಅಡಿಯ ಟ್ರಾಮ್ ಸಂಸ್ಥೆಗಳನ್ನು ಬಿಟ್ಟುಕೊಡುವಂತೆ ಮಾಡಿತು. ಕರೆಂಟು ಮಾರಿದ ಲಾಭದಲ್ಲಿ ಉಸಿರಾಡುತ್ತಿದ್ದ ಅನೇಕ ಟ್ರಾಮುಗಳಿಗೆ ಆ ಆಸರೆಯೂ ತಪ್ಪಿತು.

ಪಿತೂರಿವಾದಿಗಳಿಗೆ ನಮ್ಮ ಕಡೆಯಿಂದಲೂ ಒಂದು ಪ್ರಶ್ನೆ ಕೇಳಬಹುದು. ಚೆನ್ನೈನ ಟ್ರಾಮು 1953ರಲ್ಲಿ ನಿಂತಿತು. ಮುಂಬೈಯಲ್ಲಿ ಕೊನೆಯ ಟ್ರಾಮು ಓಡಿದ್ದು 1964ರ ಮಾರ್ಚ್ 31ರಂದು, ಅದೂ ನಗರಸಭೆಯ ಸ್ವಂತ ಸಂಸ್ಥೆಯಾದ ಬೆಸ್ಟ್‌ನ ಕೈಯಲ್ಲಿದ್ದಾಗ. ಪ್ಯಾರಿಸ್ 1938ರಲ್ಲಿ, ಲಂಡನ್ 1952ರಲ್ಲಿ ಕೈಬಿಟ್ಟವು. ಅಲ್ಲೆಲ್ಲ ಡೆಟ್ರಾಯಿಟ್‌ನ ಕಾರು ಕಂಪನಿಯವರು ಹಳಿ ಕೀಳಿಸಲಿಲ್ಲ. ಆ ಕಾಲದ ಎಂಜಿನಿಯರುಗಳಿಗೆ ಬಸ್ಸೇ ಹೊಸತು, ಅಗ್ಗ, ಸಲೀಸು. ಹಳಿ ಬೇಡ, ತಂತಿ ಬೇಡ, ದಾರಿಯಲ್ಲೊಂದು ಗಾಡಿ ಕೆಟ್ಟು ನಿಂತರೆ ಬಳಸಿಕೊಂಡು ಹೋಗಬಹುದು. ಆದರೆ ಮುಂಬೈಯಲ್ಲಿ ಟ್ರಾಮು ಹೋದ ಮೇಲೂ ಜನ ಬಸ್ಸು ತುಂಬಿದರು. ಅಮೆರಿಕದಲ್ಲಿ ಬಸ್ಸನ್ನೂ ಬಿಟ್ಟರು. ಪಿತೂರಿಯ ಕಥೆ ಹಳಿಯಿಂದ ಟೈರಿಗೆ ಆದ ಬದಲಾವಣೆಯನ್ನು ಅಷ್ಟಿಷ್ಟು ವಿವರಿಸೀತು. ಪ್ರಯಾಣಿಕರು ಬಸ್ಸಿನಿಂದಲೂ ಇಳಿದು ಹೋದದ್ದಕ್ಕೆ ಅದರಲ್ಲಿ ಉತ್ತರವಿಲ್ಲ.

ಜನರೇ ಆರಿಸಿಕೊಂಡರು

ಎರಡನೆಯ ವಾದ ಸರಳವಾದದ್ದು. ಕಾರು ವೇಗ, ಮನೆಬಾಗಿಲಿನಿಂದ ಹೊರಟು ಬೇಕಾದ ಕಡೆಗೇ ಹೋಗುತ್ತದೆ, ಕೈಯಲ್ಲಿ ಕಾಸು ಬಂದವರು ಕೊಂಡರು. ಇತಿಹಾಸಕಾರ ಸ್ಕಾಟ್ ಬಾಟಲ್ಸ್ 1987ರ ತಮ್ಮ ಪುಸ್ತಕದಲ್ಲಿ ಲಾಸ್ ಏಂಜಲೀಸ್‌ನ ಕಥೆಯನ್ನು ಹೀಗೆಯೇ ಹೇಳುತ್ತಾರೆ. ಟ್ರಾಮ್ ಕಂಪನಿಗಳೆಂದರೆ ಅಲ್ಲಿನ ಜನಕ್ಕೆ ಲಂಚ ಕೊಟ್ಟು ಪರವಾನಗಿ ಪಡೆದ, ಗಾಡಿಯೊಳಗೆ ಜನರನ್ನು ಕುರಿಗಳಂತೆ ತುಂಬುವ ಶ್ರೀಮಂತರ ಕೂಟ. ಅವರ ಹಿಡಿತದಿಂದ ಬಿಡಿಸಿದ ಕಾರು ಪ್ರಗತಿಪರ ವಸ್ತುವಾಗಿ ಕಂಡಿತು. ಎತ್ತರದ ಕಂಬಗಳ ಮೇಲೆ ರೈಲು ಓಡಿಸುವ ಯೋಜನೆ 1926ರಲ್ಲಿ ಮತದಾರರ ಮುಂದೆ ಬಂದಾಗ ಅವರು ಅದನ್ನು ತಳ್ಳಿಹಾಕಿದರು.

ಎಡ್ವರ್ಡ್ ಗ್ಲೇಸರ್ ಮೊದಲಾದ ಅರ್ಥಶಾಸ್ತ್ರಜ್ಞರು ಇದಕ್ಕೆ ಲೆಕ್ಕ ಜೋಡಿಸುತ್ತಾರೆ. ಅಮೆರಿಕದಲ್ಲಿ ಕೆಲಸಕ್ಕೆ ಬಸ್ಸು ರೈಲುಗಳಲ್ಲಿ ಹೋಗುವವರಿಗೆ ಹಿಡಿಯುವ ಸಮಯ ಕಾರಿನವರ ಸಮಯದ ಸುಮಾರು ಎರಡರಷ್ಟು. ಸ್ಟಾಪಿಗೆ ನಡೆಯಬೇಕು, ಕಾಯಬೇಕು, ಇಳಿದ ಮೇಲೆ ಮತ್ತೆ ನಡೆಯಬೇಕು. ಆದಾಯ ಏರಿದಂತೆ ಸಮಯದ ಬೆಲೆಯೂ ಏರುತ್ತದೆ. ಇದನ್ನು ಸುಳ್ಳೆನ್ನಲು ಯಾರಿಗೂ ಆಗುವುದಿಲ್ಲ.

ಆದರೂ ಈ ವಾದ ಅರ್ಧಕ್ಕೆ ನಿಲ್ಲುತ್ತದೆ ಎಂದು ನನಗನಿಸುತ್ತದೆ. ಪೀಟರ್ ನಾರ್ಟನ್ 2008ರಲ್ಲಿ ಬರೆದ ‘ಫೈಟಿಂಗ್ ಟ್ರಾಫಿಕ್’ ಪುಸ್ತಕ, ಆಯ್ಕೆಯ ಮೊದಲು ರಸ್ತೆಯ ಒಡೆತನದ ಜಗಳ ನಡೆದಿತ್ತು ಎಂದು ತೋರಿಸುತ್ತದೆ. 1920ರ ತನಕ ರಸ್ತೆ ನಡೆಯುವವರದು, ಆಡುವ ಮಕ್ಕಳದು, ತಳ್ಳುಗಾಡಿಯವರದು. ಕಾರುಗಳಿಗೆ ಸಿಕ್ಕಿ ಮಕ್ಕಳು ಸತ್ತಾಗ ಪತ್ರಿಕೆಗಳು ಕಾರನ್ನೇ ದೂರುತ್ತಿದ್ದವು. ಸಿನ್ಸಿನಾಟಿಯಲ್ಲಿ 1923ರಲ್ಲಿ ಕಾರುಗಳಿಗೆ ವೇಗ ತಡೆಯುವ ಯಂತ್ರ ಕೂರಿಸಬೇಕೆಂದು ಜನ ಸಹಿ ಸಂಗ್ರಹಿಸಿ ಮತದಾನದವರೆಗೆ ಒಯ್ದಿದ್ದರು. ಕಾರು ವ್ಯಾಪಾರಿಗಳು ಒಗ್ಗಟ್ಟಾಗಿ ಅದನ್ನು ಸೋಲಿಸಿದರು. ಮುಂದಿನ ಹತ್ತು ವರ್ಷದಲ್ಲಿ ಕಾನೂನು, ಶಾಲೆಯ ಪಾಠ, ಪೊಲೀಸರ ದಂಡ ಎಲ್ಲವೂ ಸೇರಿ ರಸ್ತೆ ಕಾರಿನದು, ನಡೆಯುವವರೇ ಬದಿಗೆ ಸರಿಯಬೇಕು ಎಂಬುದನ್ನು ನೆಲೆಗೊಳಿಸಿದವು. ಅಂಥ ರಸ್ತೆಯಲ್ಲಿ ಕಾರುಗಳ ನಡುವೆ ಸಿಕ್ಕಿಕೊಂಡ ಟ್ರಾಮು ನಿಧಾನವಾದದ್ದನ್ನು ಅದರ ಹುಟ್ಟುಗುಣ ಎನ್ನಲಾಗದು.

ಸರ್ಕಾರದ ಕೈ

ಮೂರನೆಯ ಪಂಥ ಸರ್ಕಾರದತ್ತ ಬೆರಳು ತೋರಿಸುತ್ತದೆ. ಸಾಕ್ಷ್ಯ ಹೆಚ್ಚು ಗಟ್ಟಿಯಾಗಿರುವುದು ಇಲ್ಲಿ. ಕೆನೆತ್ ಜಾಕ್ಸನ್ 1985ರಲ್ಲಿ ಪ್ರಕಟಿಸಿದ ‘ಕ್ರ್ಯಾಬ್‌ಗ್ರಾಸ್ ಫ್ರಾಂಟಿಯರ್’ ಈ ಪಂಥದ ಮೂಲಗ್ರಂಥವಿದ್ದಂತೆ. 1934ರಲ್ಲಿ ಹುಟ್ಟಿದ ಫೆಡರಲ್ ಗೃಹ ಆಡಳಿತ ಮನೆ ಸಾಲಗಳಿಗೆ ಖಾತರಿ ಕೊಟ್ಟಿತು. ಆದರೆ ಅದಕ್ಕೆ ಮೆಚ್ಚುಗೆಯಾದದ್ದು ನಗರದ ಹೊರಗಿನ, ಒಂದೊಂದು ಕುಟುಂಬಕ್ಕೆ ಒಂದೊಂದು ಪ್ರತ್ಯೇಕ ಮನೆಯಿರುವ, ಬಿಳಿಯರ ಬಡಾವಣೆಗಳು. 1947ರಿಂದ ನ್ಯೂಯಾರ್ಕ್‌ನ ಹೊರಗೆ ಎದ್ದ ಲೆವಿಟ್‌ಟೌನ್‌ನಲ್ಲಿ 17,000ಕ್ಕೂ ಹೆಚ್ಚು ಮನೆಗಳು ಒಂದೇ ಅಚ್ಚಿನಲ್ಲಿ ತಯಾರಾದವು. ಕೊಳ್ಳಲು ಕರಿಯರಿಗೆ ಅವಕಾಶವಿರಲಿಲ್ಲ. ಮನೆ, ಅಂಗಡಿ, ಕಚೇರಿ ಒಂದರ ಪಕ್ಕ ಒಂದಿರದಂತೆ ಭೂಬಳಕೆಯನ್ನು ವಿಂಗಡಿಸುವ ಹಕ್ಕನ್ನು ಸುಪ್ರೀಂ ಕೋರ್ಟ್ 1926ರಲ್ಲೇ ನಗರಗಳಿಗೆ ಕೊಟ್ಟಿತ್ತು. ಇವೆರಡೂ ಕೂಡಿದಾಗ ನಡೆದು ತಲುಪಬಹುದಾದದ್ದು ಏನೂ ಉಳಿಯಲಿಲ್ಲ. ಮಗನನ್ನೋ ಮಗಳನ್ನೋ ನೋಡಲು ಆರು ತಿಂಗಳು ಹೋಗಿ ಬರುವ ನಮ್ಮೂರಿನ ಅಪ್ಪ ಅಮ್ಮಂದಿರು ಹೇಳುವುದೂ ಇದನ್ನೇ. ಎಲ್ಲ ಚೆನ್ನಾಗಿದೆ, ಆದರೆ ಹಾಲು ತರುವುದಕ್ಕೂ ಯಾರಾದರೂ ಕಾರು ತೆಗೆಯಬೇಕು.

ಆಮೇಲೆ ಬಂತು ಹೆದ್ದಾರಿ. 1956ರ ಕಾನೂನು 41,000 ಮೈಲಿ ಅಂತರರಾಜ್ಯ ಹೆದ್ದಾರಿಗೆ 2,500 ಕೋಟಿ ಡಾಲರ್ ತೆಗೆದಿಟ್ಟಿತು. ಖರ್ಚಿನ ಶೇ. 90 ಕೇಂದ್ರದ್ದು, ಪೆಟ್ರೋಲ್ ತೆರಿಗೆಯಿಂದ ತುಂಬುವ ಪ್ರತ್ಯೇಕ ನಿಧಿಯ ಆಸರೆ. ನೂರು ಡಾಲರಿನ ರಸ್ತೆ ಹತ್ತಕ್ಕೆ ಸಿಗುವಾಗ ಯಾವ ರಾಜ್ಯ ಬೇಡವೆನ್ನುತ್ತದೆ? ಬಸ್ಸು ರೈಲುಗಳಿಗೆ ಇಂಥ ನಿಧಿ ಇರಲಿಲ್ಲ. 1964ರಲ್ಲಿ ನಗರ ಸಾರಿಗೆಗೆಂದು ಮೊದಲ ಕಾನೂನು ಬಂದಾಗ ಅದು ಕೊಟ್ಟದ್ದು ಮೂರು ವರ್ಷಕ್ಕೆ 37.5 ಕೋಟಿ ಡಾಲರ್. ಅಷ್ಟರಲ್ಲಿ ಖಾಸಗಿ ಕಂಪನಿಗಳು ಬಹುತೇಕ ಮುಳುಗಿದ್ದವು. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಓಕ್ಲಂಡ್ ನಡುವಿನ ಸೇತುವೆಯ ಮೇಲೆ ಓಡುತ್ತಿದ್ದ ರೈಲು 1958ರಲ್ಲಿ ನಿಂತು, ಹಳಿ ಇದ್ದ ಜಾಗ ಕಾರುಗಳಿಗೆ ಹೋಯಿತು. ಅದೇ ಕೊಲ್ಲಿಯನ್ನು ನೀರಿನಡಿಯ ಸುರಂಗದಲ್ಲಿ ದಾಟಲು ಬಾರ್ಟ್ ರೈಲು 1974ರಲ್ಲಿ ಬಂತು.

ಈ ಪಂಥದಲ್ಲಿ ನನಗೆ ಹೆಚ್ಚು ಹಿಡಿಸಿದವರು ಡೊನಾಲ್ಡ್ ಶೂಪ್. ಯಾರೂ ಕಣ್ಣೆತ್ತಿ ನೋಡದ ಪಾರ್ಕಿಂಗ್ ನಿಯಮವನ್ನು ಹಿಡಿದು ಅವರು ಬದುಕಿಡೀ ಕೆಲಸ ಮಾಡಿದರು. ಅಂಗಡಿ, ಮನೆ, ಚರ್ಚು, ಏನೇ ಕಟ್ಟಿದರೂ ಇಂತಿಷ್ಟು ಕಾರು ನಿಲ್ಲಿಸುವ ಜಾಗ ಬಿಡಲೇಬೇಕೆಂದು ಅಮೆರಿಕದ ಬಹುತೇಕ ನಗರಗಳು ನಿಯಮ ಮಾಡಿದ್ದವು. ಆ ಜಾಗದ ಖರ್ಚು ಬಾಡಿಗೆಯಲ್ಲಿ, ಅಕ್ಕಿ ಬೇಳೆಯ ಬೆಲೆಯಲ್ಲಿ ಸೇರಿಹೋಗುತ್ತದೆ. ಕಾರಿಲ್ಲದವರೂ ಅದನ್ನು ತೆರುತ್ತಾರೆ. 1990ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕಾರಿನ ಪ್ರಯಾಣಗಳಲ್ಲಿ ಶೇ. 99ಕ್ಕೆ ಪಾರ್ಕಿಂಗ್ ಪುಕ್ಕಟೆ. ಅವರ ‘ದಿ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್’ 2005ರಲ್ಲಿ ಬಂತು. 2017ರಲ್ಲಿ ಬಫಲೊ ನಗರ ಈ ನಿಯಮವನ್ನೇ ತೆಗೆದುಹಾಕಿತು. 2022ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಮುಖ್ಯ ಸಾರಿಗೆ ನಿಲ್ದಾಣಗಳ ಆಸುಪಾಸಿನಲ್ಲಿ ಅದನ್ನು ರದ್ದು ಮಾಡಿತು. ಪುಸ್ತಕವೊಂದು ಕಾನೂನನ್ನು ಬದಲಿಸಿದ್ದಕ್ಕೆ ಇಷ್ಟು ನೇರವಾದ ಉದಾಹರಣೆ ಅಪರೂಪ.

ಬಣ್ಣದ ಗೆರೆ

ಕಪ್ಪು ಅಮೆರಿಕನ್ನರು ಬಸ್ಸಿನ ಕಥೆಯನ್ನು ಬೇರೆ ಕಡೆಯಿಂದ ಶುರು ಮಾಡುತ್ತಾರೆ. 1955ರ ಡಿಸೆಂಬರ್ 1ರಂದು ಮಾಂಟ್ಗಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಸ್ಸಿನಲ್ಲಿ ಬಿಳಿಯನಿಗಾಗಿ ಸೀಟು ಬಿಟ್ಟೇಳಲಿಲ್ಲ. ಮುಂದೆ 381 ದಿನ ಅವರ ಜನ ಬಸ್ಸು ಹತ್ತಲಿಲ್ಲ. ಬಸ್ಸಿನಲ್ಲಿ ಎಲ್ಲೆಂದರಲ್ಲಿ ಕೂರುವ ಹಕ್ಕು ಸಿಕ್ಕಿತು, ಬಸ್ಸು ಹೋಗುವ ನಗರವೇ ಬಡವಾಗತೊಡಗಿತು. ಬಿಳಿಯ ಕುಟುಂಬಗಳು, ಅವರ ಹಿಂದೆ ಕಾರ್ಖಾನೆ, ಕಚೇರಿಗಳು ಹೊರವಲಯಕ್ಕೆ ಹೋದವು. ಲಾಸ್ ಏಂಜಲೀಸ್‌ನ ವಾಟ್ಸ್ ಪ್ರದೇಶದಲ್ಲಿ 1965ರಲ್ಲಿ ದಂಗೆಯಾದಾಗ ತನಿಖೆ ಮಾಡಿದ ಮ್ಯಾಕೋನ್ ಆಯೋಗ, ಅಲ್ಲಿಯವರಿಗೆ ಕೆಲಸಕ್ಕೆ ಹೋಗಲು ಸರಿಯಾದ ಬಸ್ಸಿಲ್ಲ ಎಂಬುದನ್ನೂ ದಾಖಲಿಸಿತು.

ಅಟ್ಲಾಂಟಾದ ಮಾರ್ಟಾ ರೈಲಿನ ಚರಿತ್ರೆ ಇದಕ್ಕೆ ಸ್ಪಷ್ಟ ಸಾಕ್ಷಿ. ಹೊರವಲಯದ ಕಾಬ್ ಕೌಂಟಿ 1965ರಲ್ಲಿ, ಗ್ವಿನೆಟ್ ಮತ್ತು ಕ್ಲೇಟನ್ 1971ರಲ್ಲಿ ಅದಕ್ಕೆ ಸೇರಲು ಒಪ್ಪಲಿಲ್ಲ. ನಗರದ ಕರಿಯರು ರೈಲು ಹತ್ತಿ ತಮ್ಮ ಕಡೆಗೆ ಬರುತ್ತಾರೆಂಬ ಭಯ ಅಲ್ಲಿ ಗುಟ್ಟಾಗಿರಲಿಲ್ಲ. ಆದರೆ ಒಂದು ತೊಡಕಿದೆ. ಗ್ವಿನೆಟ್‌ನಲ್ಲಿ ಈಗ ಬಿಳಿಯರು ಅಲ್ಪಸಂಖ್ಯಾತರು, ಭಾರತೀಯರೂ ಸಾಕಷ್ಟಿದ್ದಾರೆ. ಆದರೂ 2019ರಲ್ಲಿ, 2024ರಲ್ಲಿ ಸಾರಿಗೆ ತೆರಿಗೆಯ ಪ್ರಸ್ತಾಪ ಅಲ್ಲಿ ಬಿದ್ದುಹೋಯಿತು. ಕ್ಲೇಟನ್ ಮಾತ್ರ 2014ರಲ್ಲಿ ಒಪ್ಪಿತು. ಜನಾಂಗ ದ್ವೇಷ ಕಟ್ಟಿದ ಊರಿನಲ್ಲಿ ಆ ದ್ವೇಷವಿಲ್ಲದವರು ಬಂದು ನೆಲೆಸಿದರೂ ಅವರ ಬದುಕು ಕಾರಿನ ಅಳತೆಗೆ ಹೊಂದಿಕೊಂಡುಬಿಡುತ್ತದೆ.

ಮನೆಗಳ ಸಾಂದ್ರತೆಯೇ, ಬಸ್ಸುಗಳ ಸಂಖ್ಯೆಯೇ?

1989ರಲ್ಲಿ ಆಸ್ಟ್ರೇಲಿಯದ ಪೀಟರ್ ನ್ಯೂಮನ್ ಮತ್ತು ಜೆಫ್ರಿ ಕೆನ್‌ವರ್ದಿ ಜಗತ್ತಿನ 32 ನಗರಗಳನ್ನು ಹೋಲಿಸಿ, ಜನ ಒತ್ತಾಗಿ ವಾಸಿಸುವ ನಗರದಲ್ಲಿ ತಲಾ ಪೆಟ್ರೋಲ್ ಬಳಕೆ ಕಡಿಮೆ ಎಂದು ತೋರಿಸಿದರು. ಅಮೆರಿಕದ ವಿರಳ ನಗರಗಳಲ್ಲಿ ಬಸ್ಸು ಗೆಲ್ಲುವುದಿಲ್ಲ ಎಂಬುದು ಅಲ್ಲಿಂದ ಯೋಜಕರ ಬಾಯಿಪಾಠವಾಯಿತು. ಮೆಲ್ಬರ್ನ್‌ನ ಪಾಲ್ ಮೀಸ್ 2010ರಲ್ಲಿ ಇದನ್ನು ಎದುರಿಸಿದರು. ಅಮೆರಿಕದ ಜನಗಣತಿಯ ಲೆಕ್ಕದಲ್ಲಿ ಲಾಸ್ ಏಂಜಲೀಸ್ ನಗರ ಪ್ರದೇಶ ನ್ಯೂಯಾರ್ಕ್ ನಗರ ಪ್ರದೇಶಕ್ಕಿಂತ ಸಾಂದ್ರ! ನ್ಯೂಯಾರ್ಕ್‌ನ ಹೊರವಲಯ ಅಷ್ಟು ತೆಳುವಾಗಿದೆ. ಸಾಂದ್ರತೆಯೇ ಎಲ್ಲವಾಗಿದ್ದರೆ ಮೆಟ್ರೊ ತುಂಬಬೇಕಾದದ್ದು ಲಾಸ್ ಏಂಜಲೀಸ್‌ನಲ್ಲಿ.

ಮೀಸ್ ಬಣ ಬೆರಳು ಮಾಡುವುದು ಗಡಿಯಾಚೆಗಿನ ಟೊರಾಂಟೊ ಕಡೆಗೆ. ಅಲ್ಲೂ ಅಗಲ ರಸ್ತೆ, ಬಿಡಿಬಿಡಿ ಮನೆ, ಮನೆ ಮುಂದೆ ಕಾರು. ಆದರೆ ಸಾರಿಗೆ 1921ರಿಂದಲೇ ನಗರದ ಸ್ವಂತ ಸಂಸ್ಥೆಯದು. 1971ರಲ್ಲಿ ಪ್ರಾಂತ್ಯದ ಮುಖ್ಯಸ್ಥ ಬಿಲ್ ಡೇವಿಸ್ ನಗರವನ್ನು ಸೀಳಬೇಕಿದ್ದ ಸ್ಪಡೈನಾ ಎಕ್ಸ್‌ಪ್ರೆಸ್‌ವೇ ನಿಲ್ಲಿಸಿದರು. ಮರುವರ್ಷ ಟ್ರಾಮುಗಳನ್ನು ಉಳಿಸಿಕೊಳ್ಳುವ ತೀರ್ಮಾನವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಹೊರವಲಯದ ದೊಡ್ಡ ರಸ್ತೆಗಳಲ್ಲಿ ವೇಳಾಪಟ್ಟಿ ನೋಡದೆ ಸ್ಟಾಪಿಗೆ ಹೋಗಿ ನಿಲ್ಲಬಹುದಾದಷ್ಟು ಬಸ್ಸುಗಳನ್ನು ಓಡಿಸಿದರು. ಜನ ಹತ್ತಿದರು. ಅಮೆರಿಕದ ಅಂಥದೇ ಹೊರವಲಯದಲ್ಲಿ ಬಸ್ಸು ಗಂಟೆಗೊಂದು. ಜನ ಕಡಿಮೆಯೆಂದು ಬಸ್ಸು ಕಡಿತ, ಬಸ್ಸು ಕಡಿಮೆಯೆಂದು ಜನ ಕಡಿತ. ಬಸ್ಸು ಹೆಚ್ಚಾದರೆ ಕಾಯುವ ಹೊತ್ತು ಪ್ರತಿಯೊಬ್ಬರಿಗೂ ಇಳಿಯುತ್ತದೆ ಎಂಬ ಇದರ ಮಗ್ಗುಲನ್ನು ಹರ್ಬರ್ಟ್ ಮೋರಿಂಗ್ 1972ರಲ್ಲೇ ಗಣಿತದಲ್ಲಿ ಹಿಡಿದಿಟ್ಟಿದ್ದರು.

ದುಡ್ಡು ಸುರಿದರೆ ಸಾಕು ಎಂದು ಇದರ ಅರ್ಥವಲ್ಲ. ಸಾರಿಗೆ ಇಲಾಖೆಗಾಗಿ ಡಾನ್ ಪಿಕ್ರೆಲ್ 1989ರಲ್ಲಿ ಹತ್ತು ಯೋಜನೆಗಳನ್ನು ಪರಿಶೀಲಿಸಿದಾಗ, ಬಹುತೇಕ ಎಲ್ಲವುಗಳಲ್ಲಿ ಕಟ್ಟುವ ಮುನ್ನ ಹೇಳಿದ ಪ್ರಯಾಣಿಕರ ಸಂಖ್ಯೆಗೂ ನಿಜವಾಗಿ ಬಂದವರಿಗೂ ಅಜಗಜಾಂತರವಿತ್ತು. ನ್ಯೂಯಾರ್ಕ್‌ನ ಸೆಕೆಂಡ್ ಅವೆನ್ಯೂ ಸಬ್‌ವೇಯ ಮೊದಲ ಹಂತ 2017ರ ಜನವರಿ 1ರಂದು ತೆರೆಯಿತು. ಮೂರು ಕಿಲೋಮೀಟರಿಗೂ ತುಸು ಕಡಿಮೆ ಉದ್ದಕ್ಕೆ ಸುಮಾರು 450 ಕೋಟಿ ಡಾಲರ್. ಇಷ್ಟು ದುಬಾರಿಗೆ ರೈಲು ಕಟ್ಟುವ ದೇಶದಲ್ಲಿ ಸಾರ್ವಜನಿಕ ಸಾರಿಗೆಯ ಪರ ವಾದಿಸುವವರಿಗೆ ಮುಖ ಎತ್ತುವುದು ಕಷ್ಟ. ಹೂಸ್ಟನ್ ನಗರ 2015ರ ಆಗಸ್ಟ್‌ನಲ್ಲಿ ಹೊಸ ಹಳಿಯ ಗೊಡವೆಗೆ ಹೋಗದೆ ಬಸ್ ಮಾರ್ಗಗಳ ನಕ್ಷೆಯನ್ನೇ ರಾತ್ರೋರಾತ್ರಿ ಬದಲಿಸಿ, ಮುಖ್ಯ ರಸ್ತೆಗಳಲ್ಲಿ ಬಸ್ಸುಗಳನ್ನು ದಟ್ಟ ಮಾಡಿದ್ದು ಹೆಚ್ಚು ಜಾಣತನದ ದಾರಿ.

2014ರ ಆಮೇಲೆ

2014ರಲ್ಲಿ ಅಮೆರಿಕದ ಸಾರ್ವಜನಿಕ ಸಾರಿಗೆಯ ಪ್ರಯಾಣಗಳ ಸಂಖ್ಯೆ ಸುಮಾರು 1,080 ಕೋಟಿ ಮುಟ್ಟಿತು, 58 ವರ್ಷಗಳಲ್ಲೇ ಹೆಚ್ಚು. ತಿರುವು ಬಂತೆಂದು ಹೊಗಳಿದವರ ಮಾತು ಆರುವ ಮೊದಲೇ ಮತ್ತೆ ಇಳಿಕೆ ಶುರುವಾಯಿತು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈಕಲ್ ಮ್ಯಾನ್‌ವಿಲ್, ಬ್ರಯನ್ ಟೇಲರ್, ಎವಲಿನ್ ಬ್ಲೂಮನ್‌ಬರ್ಗ್ 2018ರಲ್ಲಿ ಕಂಡುಕೊಂಡ ಕಾರಣ ಯಾರಿಗೂ ಹಿತವಾಗುವಂಥದ್ದಲ್ಲ. 2000ದಿಂದ 2015ರ ನಡುವೆ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ 23 ಲಕ್ಷ ಜನ ಸೇರಿದರು, ಅವರೊಂದಿಗೆ 21 ಲಕ್ಷ ವಾಹನಗಳು. ಬಸ್ಸನ್ನೇ ನೆಚ್ಚಿದ್ದ ಬಡವರು, ವಲಸೆ ಬಂದವರು ಕಾರು ಕೊಂಡಿದ್ದರು. ಕೆಂಟಕಿ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಊಬರ್, ಲಿಫ್ಟ್‌ಗಳತ್ತ ಬೆರಳು ತೋರಿಸಿದರು. ಅವು ಬಂದ ನಗರಗಳಲ್ಲಿ ಬಸ್ ಪ್ರಯಾಣ ವರ್ಷಕ್ಕೆ ಶೇ. 1.7ರಷ್ಟು ತಗ್ಗುತ್ತದೆ ಎಂಬುದು ಅವರ ಅಂದಾಜು.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಸಾಫ್ಟ್‌ವೇರ್ ಕಂಪನಿಗಳು ತಮ್ಮ ನೌಕರರಿಗೆ ತಾವೇ ಬಸ್ಸು ಓಡಿಸಿದವು. ಅಲ್ಲಿ ದುಡಿಯುವ ನಮ್ಮವರಲ್ಲೂ ಎಷ್ಟೋ ಜನಕ್ಕೆ ಆ ಬಸ್ಸಿನ ಪರಿಚಯವುಂಟು. ಊರಿನ ಸ್ಟಾಪುಗಳನ್ನೇ ಬಳಸುತ್ತಿದ್ದ ಅವನ್ನು 2013–14ರಲ್ಲಿ ಬಾಡಿಗೆ ಏರಿಕೆಯಿಂದ ರೊಚ್ಚಿಗೆದ್ದವರು ತಡೆದು ನಿಲ್ಲಿಸಿದರು. ಸಾರ್ವಜನಿಕ ಸಾರಿಗೆ ದುರ್ಬಲವಾದ ಕಡೆ ಉಳ್ಳವರಿಗೆ ಬೇರೆ, ಇಲ್ಲದವರಿಗೆ ಬೇರೆ ಬಸ್ಸು ಹುಟ್ಟಿಕೊಳ್ಳುತ್ತದೆ.

ಕೊನೆಗೆ ಕೋವಿಡ್. ಕೆಲಸಕ್ಕೆ ಬಸ್ಸು ರೈಲುಗಳಲ್ಲಿ ಹೋಗುವವರು 2019ರಲ್ಲಿ ಶೇ. 5 ಇದ್ದರು, 2021ರಲ್ಲಿ ಶೇ. 2.5. ಕೇಂದ್ರ ಸರ್ಕಾರ ಮೂರು ಕಂತಿನಲ್ಲಿ ಸುಮಾರು 6,950 ಕೋಟಿ ಡಾಲರ್ ಕೊಟ್ಟು ಸಂಸ್ಥೆಗಳನ್ನು ಬದುಕಿಸಿತು. ಹೆಚ್ಚು ಪೆಟ್ಟು ತಿಂದದ್ದು ಬಾರ್ಟ್‌ನಂಥವು. ಓಡಿಸುವ ಖರ್ಚಿನ ಮೂರನೇ ಎರಡು ಭಾಗವನ್ನು ಟಿಕೆಟ್ಟಿನಿಂದಲೇ ಗಳಿಸುತ್ತೇವೆಂದು ಅದು ಹೆಮ್ಮೆಪಡುತ್ತಿತ್ತು. ಕಚೇರಿಗೆ ಹೋಗುವವರು ಮನೆಯಲ್ಲೇ ಉಳಿದಾಗ ಆ ಹೆಮ್ಮೆಯೇ ಉರುಳಾಯಿತು.

ತೀರ್ಮಾನವಾಗದೆ ಉಳಿದದ್ದು

ಟ್ರಾಮಿನ ಸಾವಿನ ಮಟ್ಟಿಗೆ ನನ್ನ ತೀರ್ಪು ಐದು ಸೆಂಟಿನ ಕರಾರಿನ ಕಡೆಗಿದೆ. ಸಾರ್ವಜನಿಕ ಸೇವೆಯ ಹೊರೆ ಹೊರಿಸಿ ಖಾಸಗಿ ಲಾಭದಲ್ಲಿ ಬದುಕು ಎಂದರೆ ಯಾವ ಸಂಸ್ಥೆಯೂ ಉಳಿಯದು. ನ್ಯಾಷನಲ್ ಸಿಟಿ ಲೈನ್ಸ್ ಕೊಂಡದ್ದು ಆಗಲೇ ಹಾಸಿಗೆ ಹಿಡಿದಿದ್ದ ಕಂಪನಿಗಳನ್ನು. ಆದರೆ 1945ರ ನಂತರದ ಕುಸಿತಕ್ಕೆ ಸರ್ಕಾರದ ಹಣ ಮತ್ತು ನಿಯಮಗಳೇ ಹೆಚ್ಚು ಹೊಣೆ.

ಹೀಗೆಂದರೂ ಕೆಲವು ಪ್ರಶ್ನೆಗಳು ಬಗೆಹರಿಯುವುದಿಲ್ಲ. ಹೆದ್ದಾರಿಗೆ ಅಷ್ಟು ಹಣ ಸುರಿಯದಿದ್ದರೆ ಬಸ್ಸು ಎಷ್ಟು ಉಳಿಯುತ್ತಿತ್ತು? ಆದಾಯ ಏರಿದ ಎಲ್ಲ ದೇಶಗಳಲ್ಲೂ ಕಾರು ಏರಿದೆ, ಹಾಗಾಗಿ ಎರಡರ ಪಾಲನ್ನು ಬೇರ್ಪಡಿಸುವ ಲೆಕ್ಕ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಮೊದಲು ಬಸ್ಸು ಹೆಚ್ಚಿಸಿದರೆ ಮನೆಗಳು ಒತ್ತಾಗುತ್ತವೆಯೇ, ಮನೆ ಒತ್ತಾದ ಮೇಲಷ್ಟೇ ಬಸ್ಸು ನಿಲ್ಲುತ್ತದೆಯೇ ಎಂಬುದರಲ್ಲಿ ಟೊರಾಂಟೊ ಒಂದು ಉತ್ತರ ಕೊಡುತ್ತದೆ, ಬಹುತೇಕ ಅಮೆರಿಕ ಇನ್ನೊಂದು. ನ್ಯೂಯಾರ್ಕ್ 2025ರ ಜನವರಿ 5ರಿಂದ ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ 9 ಡಾಲರ್ ಶುಲ್ಕ ಹಾಕಿದೆ. ದೇಶದ ಸಾರ್ವಜನಿಕ ಪ್ರಯಾಣಗಳಲ್ಲಿ ಸುಮಾರು ಶೇ. 40 ನ್ಯೂಯಾರ್ಕ್ ಪ್ರದೇಶದ್ದೇ ಆಗಿರುವಾಗ ಅಲ್ಲಿಯ ಫಲಿತಾಂಶ ಹೂಸ್ಟನ್‌ಗೆ, ಅಟ್ಲಾಂಟಾಗೆ ಎಷ್ಟು ಅನ್ವಯಿಸೀತು?

ಎಲ್ಲಕ್ಕಿಂತ ಇರಿಯುವ ಪ್ರಶ್ನೆ ಮ್ಯಾನ್‌ವಿಲ್ ತಂಡ ಎತ್ತಿದ್ದು. ಎರಡು ಬಸ್ಸು ಬದಲಿಸಿ ಒಂದೂವರೆ ಗಂಟೆ ಕಳೆಯುತ್ತಿದ್ದ ಮನೆಗೆಲಸದ ಹೆಂಗಸೊಬ್ಬಳು ಹಳೆಯ ಟೊಯೋಟಾ ಕೊಂಡು ಅರ್ಧ ಗಂಟೆಯಲ್ಲಿ ಕೆಲಸಕ್ಕೆ ತಲುಪಿದರೆ, ಸಾರಿಗೆ ಸಂಸ್ಥೆಯ ಪುಸ್ತಕದಲ್ಲಿ ಅದು ನಷ್ಟ. ಅವಳ ಬದುಕಿನಲ್ಲಿ ಲಾಭ. ಅದೇ ಕಾರಿನ ಸಾಲ, ವಿಮೆ, ರಿಪೇರಿ ಅವಳ ಸಂಬಳದ ದೊಡ್ಡ ಪಾಲು ತಿನ್ನುತ್ತದೆ ಎಂಬುದೂ ನಿಜ. ಸಾರಿಗೆಯ ಯಶಸ್ಸನ್ನು ಹತ್ತಿದವರ ಸಂಖ್ಯೆಯಿಂದ ಅಳೆಯಬೇಕೇ, ಜನ ತಲುಪಬಲ್ಲ ಕೆಲಸ, ಆಸ್ಪತ್ರೆ, ಶಾಲೆಗಳಿಂದ ಅಳೆಯಬೇಕೇ ಎಂಬುದರಲ್ಲಿ ಪಂಡಿತರಿಗೆ ಇನ್ನೂ ಒಮ್ಮತವಿಲ್ಲ.

ಹಣದ ಪ್ರಶ್ನೆ ಮಾತ್ರ ಪಂಡಿತರ ಕೈಯಲ್ಲಿಲ್ಲ. 1982ರಲ್ಲಿ ಪೆಟ್ರೋಲ್ ತೆರಿಗೆಯನ್ನು ಐದು ಸೆಂಟ್ ಏರಿಸಿದಾಗ ನಾಲ್ಕು ರಸ್ತೆಗೆ, ಒಂದು ಸಾರ್ವಜನಿಕ ಸಾರಿಗೆಗೆ ಎಂದು ಹಂಚಿದರು. ಆ 80–20ರ ರೂಢಿ ನಲವತ್ತು ವರ್ಷಗಳ ನಂತರವೂ ಹೆಚ್ಚುಕಡಿಮೆ ಹಾಗೆಯೇ ಇತ್ತು. 2021ರ ಮೂಲಸೌಕರ್ಯ ಕಾನೂನಿನ ಅವಧಿ 2026ರ ಸೆಪ್ಟೆಂಬರ್ 30ರವರೆಗೆ. ಅದರ ಮುಂದಿನ ಹಂಚಿಕೆಯನ್ನು ನಿರ್ಧರಿಸಬೇಕಾದದ್ದು ಅಮೆರಿಕದ ಕಾಂಗ್ರೆಸ್ಸು.